ಏಳು ಪೀರಿಯಡ್, ಏಳು ರೂಲ್ಸ್: ಮಿಡಲ್ ಸ್ಕೂಲ್ ಮಕ್ಕಳ ನಡತೆ ತಿದ್ದುವುದು ಎಲ್ಲಿಂದ ಶುರುವಾಗಬೇಕು?

ಏಳನೇ ತರಗತಿಯ ಹುಡುಗನೊಬ್ಬನ ಹಿಂದೆ ಒಂದು ದಿನ ಸುಮ್ನೆ ಓಡಾಡಿ ನೋಡಿ. ಮೊದಲ ಪೀರಿಯಡ್‌ನಲ್ಲಿ ಅವನಿಗೆ ಬಾಯಾರುತ್ತದೆ. ಕೇಳದೆ ಎದ್ದು ಹೋಗಿ ನೀರು ಕುಡಿದು ಬರುತ್ತಾನೆ. ಟೀಚರ್ ತಲೆ ಕೂಡ ಎತ್ತುವುದಿಲ್ಲ. ಮೂರನೇ ಪೀರಿಯಡ್‌ನಲ್ಲಿ ಅದನ್ನೇ ಮಾಡುತ್ತಾನೆ. "ಇದೇನು ನಿಮ್ಮನೆ ಅಂದ್ಕೊಂಡ್ಯಾ?" ಅಂತ ಬೈಸಿಕೊಳ್ಳುತ್ತಾನೆ. ಬುದ್ಧಿ ಬಂತು, ಐದನೇ ಪೀರಿಯಡ್‌ನಲ್ಲಿ ಕೈ ಎತ್ತಿ ಕೇಳುತ್ತಾನೆ. "ಇಷ್ಟಕ್ಕೆಲ್ಲ ಪಾಠ ನಿಲ್ಲಿಸ್ಬೇಕೇನೋ? ಹೋಗಿ ಬರೋಕೆ ಆಗಲ್ವಾ?" ಅಂತ ಮತ್ತೆ ಬೈಗುಳ. ಸಂಜೆ ಹೊತ್ತಿಗೆ ಒಂದು ಲೋಟ ನೀರಿಗೆ ಎರಡು ಸಲ ಬೈಸಿಕೊಂಡಿದ್ದಾನೆ. ಸ್ಟಾಫ್ ರೂಮಿನಲ್ಲಿ ಅವನಿಗೆ ಆಗಲೇ ಶಿಸ್ತಿಲ್ಲದ ಹುಡುಗ ಅಂತ ಹೆಸರು ಬಿದ್ದಿದೆ.

ಮಿಡಲ್ ಸ್ಕೂಲ್ ಮಕ್ಕಳ ನಡತೆಯ ಮಾತು ಬಂದಾಗಲೆಲ್ಲ ಚರ್ಚೆ ಎರಡು ಕಡೆಗೆ ಎಳೆಯುತ್ತದೆ. ಶಿಕ್ಷೆ ಬಿಗಿ ಮಾಡೋಣ ಅನ್ನುವವರು ಒಂದು ಕಡೆ, ಬಹುಮಾನ ಕೊಡೋಣ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಮಗುವನ್ನೇ ನೋಡುತ್ತಿದ್ದಾರೆ. ಆದರೆ ಐವತ್ತು ವರ್ಷಗಳಿಂದ ನಡೆದ ಸಂಶೋಧನೆ ಓದುತ್ತಾ ಹೋದರೆ, ನನ್ನ ಪಾಠದ ವರ್ಷಗಳನ್ನೂ ಅದರ ಪಕ್ಕ ಇಟ್ಟು ನೋಡಿದರೆ, ನನಗೆ ಕಾಣುವುದು ಬೇರೆ. ಇಲ್ಲಿ ಮೊದಲು ಬದಲಾಗಬೇಕಾದದ್ದು ದೊಡ್ಡವರ ನಡತೆ. ಅದೂ ಒಬ್ಬಿಬ್ಬರದ್ದಲ್ಲ, ಇಡೀ ಶಾಲೆಯದ್ದು.

ಹನ್ನೊಂದರಿಂದ ಹದಿನಾಲ್ಕು, ಇದೊಂದು ವಿಚಿತ್ರ ವಯಸ್ಸು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅನ್ನುತ್ತೇವಲ್ಲ, ಈ ಮಕ್ಕಳು ಗಿಡವೂ ಅಲ್ಲ, ಮರವೂ ಅಲ್ಲ. ಪ್ರೈಮರಿಯಲ್ಲಿ ಒಬ್ಬ ಟೀಚರ್ ದಿನವಿಡೀ ಜೊತೆಗಿರುತ್ತಿದ್ದರು. ಅವರ ಮುಖ ನೋಡಿದರೆ ಸಾಕು, ಇವತ್ತು ಎಷ್ಟು ಗಲಾಟೆ ಮಾಡಬಹುದು ಅಂತ ಮಕ್ಕಳಿಗೆ ಗೊತ್ತಾಗುತ್ತಿತ್ತು. ಇಲ್ಲಿ ನಲವತ್ತು ನಿಮಿಷಕ್ಕೊಂದು ಮುಖ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಜ್ಯಾಕ್ವೆಲಿನ್ ಎಕ್ಲ್ಸ್ ಮತ್ತು ಕ್ಯಾರಲ್ ಮಿಡ್ಗ್ಲಿ 1980ರ ದಶಕದ ಕೊನೆಯಲ್ಲೇ ಈ ಎಡವಟ್ಟನ್ನು ಗುರುತಿಸಿದ್ದರು. ಮಕ್ಕಳಿಗೆ ತಮ್ಮ ಮಾತಿಗೂ ಬೆಲೆ ಬೇಕು ಅನ್ನಿಸುವ, ಮನೆಯಾಚೆಯ ದೊಡ್ಡವರ ಒಡನಾಟ ಜಾಸ್ತಿ ಬೇಕಾಗುವ ಕಾಲ ಇದು. ಸರಿಯಾಗಿ ಅದೇ ಕಾಲಕ್ಕೆ ಶಾಲೆ ಹಿಡಿತ ಬಿಗಿ ಮಾಡುತ್ತದೆ, ಒಡನಾಟ ಕಡಿಮೆ ಮಾಡುತ್ತದೆ. ಕಾಲು ಬೆಳೆಯುವಾಗ ಚಿಕ್ಕ ಚಪ್ಪಲಿ ತೊಡಿಸಿದ ಹಾಗೆ.

ಇನ್ನೊಂದು ಸಂಗತಿ ಗೆಳೆಯರದ್ದು. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಸರಳ ಪ್ರಯೋಗ ಮಾಡಿದರು. 13ರಿಂದ 16 ವರ್ಷದವರು, ಕಾಲೇಜು ವಯಸ್ಸಿನವರು, ಅದಕ್ಕಿಂತ ದೊಡ್ಡವರು, ಹೀಗೆ ಮೂರು ಗುಂಪಿಗೆ ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರ ಎದುರು. ಗೆಳೆಯರು ನೋಡುತ್ತಿದ್ದಾಗ ಚಿಕ್ಕವರು ಅಪಾಯಕ್ಕೆ ಕೈ ಹಾಕುವುದು ಎದ್ದು ಕಾಣುವಷ್ಟು ಹೆಚ್ಚಾಯಿತು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ತರಗತಿಗೆ ತಂದು ನೋಡಿ. ಕೊನೆ ಬೆಂಚಿನ ಹುಡುಗ ಪಕ್ಕದವನಿಗೆ ಏನೋ ಪಿಸುಗುಟ್ಟಿದ. ಬೋರ್ಡ್ ಹತ್ತಿರದಿಂದ ಟೀಚರ್ ಜೋರಾಗಿ ಹೆಸರು ಕೂಗಿದರು. ನಲವತ್ತು ತಲೆ ಹಿಂದಕ್ಕೆ ತಿರುಗಿದವು. ಈಗ ಅವನಿಗಿರುವುದು ಎರಡೇ ದಾರಿ: ಎಲ್ಲರೆದುರು ತಲೆ ತಗ್ಗಿಸುವುದು, ಇಲ್ಲ ಎದುರು ಮಾತಾಡಿ ಹೀರೋ ಆಗುವುದು. ಹದಿಮೂರು ವರ್ಷದವನು ಯಾವುದನ್ನು ಆರಿಸಿಕೊಳ್ಳುತ್ತಾನೆ ಅಂತ ಹೇಳಬೇಕಾ? ಅದೇ ಟೀಚರ್ ಪಾಠ ನಿಲ್ಲಿಸದೆ ಅವನ ಬೆಂಚಿನ ತನಕ ನಡೆದು ಹೋಗಿ, ಪುಸ್ತಕದ ಮೇಲೆ ಬೆರಳಿಟ್ಟು, "ಈ ಸಾಲಿಂದ ನೋಡು" ಅಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಪಿಸುಮಾತಿಗೆ ವೇದಿಕೆ ಹಾಕಿಕೊಟ್ಟವರು ನಾವೇ.

ದಂಡಂ ದಶಗುಣಂ ಅನ್ನುವವರಿಗೆ ಅಮೆರಿಕದ ಅನುಭವ ಒಂದು ಪಾಠ. 1994ರಲ್ಲಿ ಅಲ್ಲಿ ಬಂದ ಕಾನೂನೊಂದು ಶಾಲೆಗೆ ಬಂದೂಕು ತಂದ ಮಗುವನ್ನು ಕನಿಷ್ಠ ಒಂದು ವರ್ಷ ಹೊರಹಾಕಬೇಕು ಅಂದಿತು. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಅದೇ ಗಾಳಿಯಲ್ಲಿ 'ಝೀರೋ ಟಾಲರೆನ್ಸ್' ಅನ್ನುವ ಮಾತು ಶಾಲೆ ಶಾಲೆಗೆ ಹಬ್ಬಿತು. ಎದುರು ಮಾತು, ತಳ್ಳಾಟ, ತಡವಾಗಿ ಬಂದದ್ದು, ಎಲ್ಲಕ್ಕೂ ಸಸ್ಪೆಂಡ್. 2008ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ತಜ್ಞರ ತಂಡ ಕೂತು ಲೆಕ್ಕ ನೋಡಿತು. ಶಾಲೆಗಳು ಇದರಿಂದ ಸುರಕ್ಷಿತವಾದವು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಒಮ್ಮೆ ಸಸ್ಪೆಂಡ್ ಆದವರು ಮತ್ತೆ ಆಗುವುದು, ಶಾಲೆಯನ್ನೇ ಬಿಡುವುದು ಹೆಚ್ಚು ಅಂತ ಕಂಡುಬಂತು.

ಯಾಕೆ ಅಂತ ನೋಡಿದರೆ ಕಾರಣ ತೀರಾ ಸರಳ. ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಒಬ್ಬ ಹುಡುಗ ಗಣಿತದ ಪೀರಿಯಡ್‌ನಲ್ಲಿ ಮಾತ್ರ ರಂಪ ಮಾಡುತ್ತಿದ್ದ. ಎಲ್ಲ ದಿನವೂ ಅಲ್ಲ. ಕೂಡುವ ಕಳೆಯುವ ಲೆಕ್ಕ ಇದ್ದ ದಿನ ತೆಪ್ಪಗಿರುತ್ತಿದ್ದ. ವಾಕ್ಯದಲ್ಲಿ ಬರೆದ ಲೆಕ್ಕ ಬಂತೋ, ಪೆನ್ಸಿಲ್ ಬಾಕ್ಸ್ ಕೆಳಗೆ ಬೀಳುತ್ತಿತ್ತು, ಮುಂದಿನವನ ಜುಟ್ಟು ಎಳೆಯುತ್ತಿದ್ದ, ಹೊರಗೆ ನಿಲ್ಲುತ್ತಿದ್ದ. ನಾವು ಅದನ್ನು ಕೊಬ್ಬು ಅಂದುಕೊಂಡೆವು. ಒಂದು ತಿಂಗಳಾದ ಮೇಲೆ ಯಾರಿಗೋ ಹೊಳೆಯಿತು. ಅವನಿಗೆ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಗೆಳೆಯರ ಎದುರು ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಕಿಲಾಡಿ ಅನ್ನಿಸಿಕೊಂಡು ಹೊರಗೆ ನಿಲ್ಲುವುದು ವಾಸಿ ಅಲ್ವಾ? ನಾವು ಶಿಕ್ಷೆ ಅಂದುಕೊಂಡು ಕೊಟ್ಟಿದ್ದು ಅವನಿಗೆ ಬೇಕಾಗಿದ್ದ ಬಿಡುಗಡೆ.

ಕೆಟ್ಟ ನಡತೆಗೂ ಒಂದು ಕೆಲಸ ಇರುತ್ತದೆ ಅನ್ನುವುದು ಈ ಕ್ಷೇತ್ರದವರು ಪದೇ ಪದೇ ಹೇಳುವ ಮಾತು. ಮಗು ಅದರಿಂದ ಏನನ್ನೋ ಪಡೆಯುತ್ತಿದೆ, ಇಲ್ಲ ಏನರಿಂದಲೋ ತಪ್ಪಿಸಿಕೊಳ್ಳುತ್ತಿದೆ. ಯಾವುದು ಅಂತ ತಿಳಿಯದೆ ಕೊಟ್ಟ ಮದ್ದು ಕಾಯಿಲೆಯನ್ನೇ ಸಾಕುತ್ತದೆ.

ಈ ತಿಳಿವಳಿಕೆಯ ಮೇಲೆ ಕಟ್ಟಿದ್ದೇ 'ಪಿಬಿಐಎಸ್' ಅನ್ನುವ ಪದ್ಧತಿ. ಒಳ್ಳೆಯ ನಡತೆಗೆ ಇಡೀ ಶಾಲೆಯ ಆಸರೆ ಅನ್ನಬಹುದು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹಾರ್ನರ್, ಜಾರ್ಜ್ ಸುಗಾಯ್ ಮೊದಲಾದವರು ಇದನ್ನು ಬೆಳೆಸಿದರು. ಅಂಗವಿಕಲ ಮಕ್ಕಳ ಶಿಕ್ಷಣದ ಕಾನೂನಿಗೆ 1997ರಲ್ಲಿ ತಿದ್ದುಪಡಿ ಆದಾಗ ಈ ವಿಚಾರ ಅದರೊಳಗೆ ಸೇರಿತು. ಆಮೇಲೆ ಎಲ್ಲ ಮಕ್ಕಳಿಗೂ ಹರಡಿ, ಈಗ ಅಲ್ಲಿನ ಸಾವಿರಾರು ಶಾಲೆಗಳಲ್ಲಿದೆ. ಲೆಕ್ಕ ಹೀಗಿದೆ: ನೂರರಲ್ಲಿ ಸುಮಾರು ಎಂಬತ್ತು ಮಕ್ಕಳಿಗೆ ಸ್ಪಷ್ಟವಾದ ನಿಯಮ, ಕಲಿಕೆ, ಮೆಚ್ಚುಗೆ ಇಷ್ಟಿದ್ದರೆ ಸಾಕು. ಹದಿನೈದು ಮಕ್ಕಳಿಗೆ ಸ್ವಲ್ಪ ಹೆಚ್ಚು ಆಸರೆ ಬೇಕು. ಐದು ಮಕ್ಕಳಿಗೆ ಒಬ್ಬೊಬ್ಬರಿಗೇ ಕೂತು ಯೋಚಿಸಬೇಕು. ಇವು ಅಂದಾಜಿನ ಅಂಕಿಗಳು, ಶಾಲೆಯಿಂದ ಶಾಲೆಗೆ ಬದಲಾಗುತ್ತವೆ. ಮೇರಿಲ್ಯಾಂಡ್‌ನ 37 ಪ್ರೈಮರಿ ಶಾಲೆಗಳಲ್ಲಿ ಐದು ವರ್ಷ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಈ ಪದ್ಧತಿ ತಂದ ಶಾಲೆಗಳಲ್ಲಿ ಸಸ್ಪೆಂಡ್ ಆಗುವ ಮಕ್ಕಳು ಕಡಿಮೆಯಾದರು. ಪ್ರೈಮರಿ ಅನ್ನುವುದನ್ನು ಗಮನಿಸಿ. ಮಿಡಲ್ ಸ್ಕೂಲಿನಲ್ಲಿ ಇದೇ ಕೆಲಸ ಹೆಚ್ಚು ಕಷ್ಟ. ಅಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಏಳು ಟೀಚರ್‌ಗಳನ್ನು ಒಂದು ಮಾತಿಗೆ ತರುವುದು ನಲವತ್ತು ಮಕ್ಕಳನ್ನು ಕೂರಿಸುವುದಕ್ಕಿಂತ ದೊಡ್ಡ ಕೆಲಸ.

ನಿಯಮಗಳನ್ನು ಕಲಿಸುವುದು ಅಂದರೇನು? 'ಗೌರವದಿಂದ ಇರಿ, ಜವಾಬ್ದಾರಿಯಿಂದ ಇರಿ' ಅಂತ ಗೋಡೆಗೆ ಪೋಸ್ಟರ್ ಅಂಟಿಸುವುದಂತೂ ಅಲ್ಲ. 1968ರಲ್ಲೇ ಮ್ಯಾಡ್ಸನ್, ಬೆಕರ್, ಥಾಮಸ್ ಎಂಬ ಮೂವರು ಇದನ್ನು ತರಗತಿಯಲ್ಲಿ ಪರೀಕ್ಷಿಸಿದ್ದರು. ಬರೀ ನಿಯಮ ಹೇಳಿದರೆ ಹೆಚ್ಚೇನೂ ಆಗಲಿಲ್ಲ. ಸಣ್ಣಪುಟ್ಟ ತಂಟೆಯನ್ನು ನೋಡಿಯೂ ನೋಡದಂತೆ ಬಿಟ್ಟು, ಸರಿಯಾಗಿ ನಡೆದುಕೊಂಡಾಗ ಮೆಚ್ಚಿದಾಗ ಮಾತ್ರ ಬದಲಾವಣೆ ಬಂತು. ಹಾಗಾಗಿ ಕಾರಿಡಾರಿನಲ್ಲಿ ಗೌರವ ಅಂದರೆ ಏನು ಅಂತ ಬಿಡಿಸಿ ಹೇಳಬೇಕು. ಎಡಕ್ಕೆ ನಡೆಯುವುದು. ಬ್ಯಾಗು ಇನ್ನೊಬ್ಬರಿಗೆ ಬಡಿಯದಂತೆ ಹಿಡಿಯುವುದು. ಯಾರದಾದರೂ ಪುಸ್ತಕ ಬಿದ್ದರೆ ದಾಟಿಕೊಂಡು ಹೋಗದೆ ನಿಲ್ಲುವುದು. ಮಕ್ಕಳನ್ನು ಕಾರಿಡಾರಿಗೇ ಕರೆದುಕೊಂಡು ಹೋಗಿ ನಡೆಸಿ ತೋರಿಸಬೇಕು.

ಹದಿಮೂರು ವರ್ಷದವರಿಗೆ ಇದೆಲ್ಲ ಮಗುವಾಟ ಅನ್ನಿಸುತ್ತದೆ ಅನ್ನುವುದು ನಿಜ. ಅದಕ್ಕೊಂದು ಉಪಾಯ ಇದೆ. ಎಂಟನೇ ತರಗತಿಯವರಿಂದ ಆರನೇ ತರಗತಿಯವರಿಗೆ ಕಲಿಸುವುದು. ಇನ್ನೊಂದು, ತಪ್ಪು ನಡತೆಯನ್ನು ಟೀಚರ್‌ಗಳೇ ನಟಿಸಿ ತೋರಿಸುವುದು. ಹೆಡ್‌ಮಾಸ್ಟರ್ ಬ್ಯಾಗು ಹಾಕಿಕೊಂಡು ಕಾರಿಡಾರಿನಲ್ಲಿ ಎಲ್ಲರಿಗೂ ಡಿಕ್ಕಿ ಹೊಡೆಯುತ್ತಾ ಓಡಿದರೆ ಆ ಪಾಠವನ್ನು ಯಾವ ಮಗುವೂ ಮರೆಯುವುದಿಲ್ಲ.

ಮೆಚ್ಚುಗೆಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಬೈಗುಳಕ್ಕೆ ನಾಲ್ಕು ಮೆಚ್ಚುಗೆ ಇರಬೇಕು ಅಂತ ಟೀಚರ್ ತರಬೇತಿಗಳಲ್ಲಿ ಹೇಳುವುದುಂಟು. ಆ ನಾಲ್ಕರಲ್ಲಿ ಏನೂ ಮಂತ್ರವಿಲ್ಲ. ಅಮೆರಿಕದ ಮೂರು ರಾಜ್ಯಗಳ 19 ಪ್ರೈಮರಿ ಶಾಲೆಗಳಲ್ಲಿ ಪಾಲ್ ಕ್ಯಾಲ್ಡರೆಲ್ಲಾ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2020ರಲ್ಲಿ ಬಂತು. ಮೆಚ್ಚುಗೆಯ ಪಾಲು ಏರಿದಷ್ಟೂ ಮಕ್ಕಳು ಕೆಲಸದಲ್ಲಿ ಮನಸ್ಸಿಡುವುದು ಏರುತ್ತಾ ಹೋಯಿತು. ಇಂಥ ಅಂಕಿ ದಾಟಿದರೆ ಸಾಕು ಅನ್ನುವ ಗಡಿ ಸಿಗಲಿಲ್ಲ.

ಆದರೆ ಮಿಡಲ್ ಸ್ಕೂಲಿನಲ್ಲಿ ಮೆಚ್ಚುಗೆಯೂ ಏಟಾಗಬಹುದು. "ನೋಡಿ ಮಕ್ಕಳೇ, ಇವಳನ್ನು ನೋಡಿ ಕಲೀರಿ" ಅಂತ ಎಲ್ಲರೆದುರು ಹೇಳಿ ನೋಡಿ. ಊಟದ ಬಿಡುವಿನಲ್ಲಿ ಅವಳ ಪಕ್ಕ ಯಾರೂ ಕೂರುವುದಿಲ್ಲ. ಈ ವಯಸ್ಸಿನವರಿಗೆ ಮೆಚ್ಚುಗೆ ಬೇಕು, ಆದರೆ ಯಾರಿಗೂ ಕೇಳಿಸಬಾರದು. ನೋಟ್‌ಬುಕ್ ತಿದ್ದಿ ಕೊಡುವಾಗ ತಗ್ಗಿದ ದನಿಯಲ್ಲಿ ಒಂದು ಮಾತು ಸಾಕು. ಅದೂ ಬರೀ 'ಗುಡ್' ಆಗಿರಬಾರದು. "ನಿನ್ನೆ ಗುಂಪಿನಲ್ಲಿ ಅವನು ಮಾತಾಡೋ ತನಕ ಕಾದೆ ಅಲ್ವಾ, ನೋಡ್ದೆ ನಾನು" ಅನ್ನುವಂಥ ಮಾತು ಬೇಕು. ನೋಡಿದ್ದಾರೆ ಅನ್ನುವುದೇ ಅಲ್ಲಿ ಬಹುಮಾನ.

2014ರಲ್ಲಿ ಡೇವಿಡ್ ಯೇಗರ್ ಮತ್ತು ಸಂಗಡಿಗರು ಪ್ರಕಟಿಸಿದ ಸಣ್ಣ ಪ್ರಯೋಗ ಒಂದು ನನಗೆ ತುಂಬಾ ಇಷ್ಟ. ಏಳನೇ ತರಗತಿಯ ಮಕ್ಕಳ ಪ್ರಬಂಧ ತಿದ್ದಿ ಕೊಡುವಾಗ ಒಂದು ಚೀಟಿ ಅಂಟಿಸಿದರು. ಕೆಲವರ ಚೀಟಿಯಲ್ಲಿ, ಇವು ನಿನ್ನ ಪ್ರಬಂಧದ ಮೇಲಿನ ನನ್ನ ಟಿಪ್ಪಣಿಗಳು ಅಂತಷ್ಟೇ ಇತ್ತು. ಇನ್ನು ಕೆಲವರದ್ದರಲ್ಲಿ, ನಿನ್ನಿಂದ ನಾನು ತುಂಬಾ ನಿರೀಕ್ಷೆ ಇಟ್ಟಿದ್ದೇನೆ, ನಿನಗೆ ಅದು ಸಾಧ್ಯ ಅಂತ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ ಅನ್ನುವ ಅರ್ಥದ ಸಾಲು. ಟೀಚರ್‌ಗಳು ಬಿಳಿಯರು. ಕಪ್ಪು ವರ್ಣದ ಮಕ್ಕಳಲ್ಲಿ ಮೊದಲ ಚೀಟಿ ಸಿಕ್ಕವರ ಪೈಕಿ 17 ಶೇಕಡಾ ಮಾತ್ರ ಪ್ರಬಂಧವನ್ನು ತಿದ್ದಿ ಬರೆದರು. ಎರಡನೆಯದು ಸಿಕ್ಕವರಲ್ಲಿ 72 ಶೇಕಡಾ. ಭಾಗವಹಿಸಿದ ಮಕ್ಕಳು ಕೆಲವರೇ, ಹಾಗಾಗಿ ಅಂಕಿಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ಬೇಡ. ಆದರೆ ಈ ಟೀಚರ್ ನನ್ನ ಪರವೋ ವಿರುದ್ಧವೋ ಅಂತ ಮಕ್ಕಳು ಸದಾ ಅಳೆಯುತ್ತಿರುತ್ತಾರೆ ಅನ್ನುವುದನ್ನು ಪಾಠ ಮಾಡಿದ ಯಾರೂ ಅಲ್ಲಗಳೆಯಲಾರರು.

ಇನ್ನು ಬಹುಮಾನ, ಪಾಯಿಂಟು, ಕೂಪನ್ನುಗಳ ಕಥೆ. ಇದು ಜಗಳದ ವಿಷಯ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬರೆಯಲು ಇಷ್ಟಪಡುವ ನರ್ಸರಿ ಮಕ್ಕಳಿಗೆ, ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂದರು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರ ಬರೆಯುವುದು ಉಳಿದವರ ಅರ್ಧದಷ್ಟಕ್ಕೆ ಇಳಿಯಿತು. ಹೇಳದೆ ಕೊಟ್ಟ ಬಹುಮಾನದಿಂದ ಹಾಗಾಗಲಿಲ್ಲ. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತಿಬ್ಬರು 128 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಮೊದಲೇ ಹೇಳಿ ಕೊಡುವ ವಸ್ತುರೂಪದ ಬಹುಮಾನ ಒಳಗಿನ ಆಸಕ್ತಿಯನ್ನು ಕುಗ್ಗಿಸುತ್ತದೆ ಅಂದರು. ಆದರೆ ನನ್ನದೊಂದು ತಕರಾರು. ಕಾರಿಡಾರಿನಲ್ಲಿ ಓಡದೆ ನಡೆಯುವುದರಲ್ಲಿ ಯಾವ ಮಗುವಿಗೆ ಒಳಗಿನ ಆಸಕ್ತಿ ಇದೆ? ಇಲ್ಲದ್ದು ಕುಗ್ಗುವುದು ಹೇಗೆ? ಓದುವುದಕ್ಕೆ, ಬರೆಯುವುದಕ್ಕೆ, ಗೆಳೆಯನಿಗೆ ಸಹಾಯ ಮಾಡುವುದಕ್ಕೆ ಕೂಪನ್ ಕೊಡಬಾರದು. ಬೋರು ಹೊಡೆಸುವ ಅಭ್ಯಾಸ ಕೂಡಿಸುವುದಕ್ಕೆ ಕೆಲವು ವಾರ ಕೊಟ್ಟರೆ ಆಕಾಶ ಬೀಳುವುದಿಲ್ಲ.

ಕೂಪನ್ ಕೆಡುವುದು ಬೇರೆ ಕಡೆ. ನಮ್ಮಲ್ಲೂ ಒಂದು ವರ್ಷ ಇದನ್ನು ತಂದಿದ್ದೆವು. ನೆಲದ ಮೇಲಿನ ಕಾಗದ ಎತ್ತಿದರೆ ಒಂದು ಹಳದಿ ಚೀಟಿ. ಎರಡನೇ ವಾರಕ್ಕೇ ಇಬ್ಬರು ಹುಡುಗಿಯರು ಪಾಲುದಾರಿಕೆ ಶುರು ಮಾಡಿದರು. ಒಬ್ಬಳು ಹಾಕುವುದು, ಇನ್ನೊಬ್ಬಳು ಎತ್ತುವುದು, ಸಂಜೆ ಹಂಚಿಕೊಳ್ಳುವುದು. ಒಬ್ಬ ಟೀಚರ್ ದಿನಕ್ಕೆ ಮೂವತ್ತು ಚೀಟಿ ಹಂಚಿದರೆ ಇನ್ನೊಬ್ಬರು ವರ್ಷಕ್ಕೆ ಮೂರು. ಕೆಲವರು ಸಿಟ್ಟು ಬಂದಾಗ ಕೊಟ್ಟ ಚೀಟಿಯನ್ನು ವಾಪಸ್ ಕಿತ್ತುಕೊಳ್ಳುತ್ತಿದ್ದರು. ಅಲ್ಲಿಗೆ ಅದು ಮೆಚ್ಚುಗೆ ಆಗಿ ಉಳಿಯಲಿಲ್ಲ, ದಂಡದ ಇನ್ನೊಂದು ಹೆಸರಾಯಿತು.

ಖರ್ಚಿಲ್ಲದ ಕೆಲಸಗಳ ಕಡೆ ನನ್ನ ಒಲವು ಜಾಸ್ತಿ. ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಮಾತಾಡಿಸಿ ಒಳಗೆ ಬಿಡುವುದನ್ನೇ ತೆಗೆದುಕೊಳ್ಳಿ. 2018ರಲ್ಲಿ ಹತ್ತು ಮಿಡಲ್ ಸ್ಕೂಲ್ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮಕ್ಕಳು ಕಲಿಕೆಯಲ್ಲಿ ತೊಡಗಿರುವ ಹೊತ್ತು 20 ಶೇಕಡಾ ಅಂಶ ಹೆಚ್ಚಾಯಿತು, ಗಲಾಟೆ 9 ಅಂಶ ಇಳಿಯಿತು. ಬಾಗಿಲಲ್ಲೇ ಮುಖ ನೋಡಿದರೆ ಇವತ್ತು ಯಾರು ಸಿಡುಕಿನಲ್ಲಿದ್ದಾರೆ ಅಂತ ಪಾಠ ಶುರುವಾಗುವ ಮೊದಲೇ ಗೊತ್ತಾಗುತ್ತದೆ. ಬೆಲ್ ಆದ ಮೇಲೆ ಸ್ಟಾಫ್ ರೂಮಿನಿಂದ ಹೊರಡುವ ಅಭ್ಯಾಸ ಇರುವವರಿಗೆ (ನಾನೂ ಅವರಲ್ಲೊಬ್ಬ) ಇದು ಸ್ವಲ್ಪ ಚುಚ್ಚುತ್ತದೆ.

ಇನ್ನೊಂದು ಜೇಸನ್ ಒಕೊನೊಫುವಾ ಮತ್ತು ಜೊತೆಗಾರರ 2016ರ ಕೆಲಸ. ಕ್ಯಾಲಿಫೋರ್ನಿಯಾದ ಐದು ಮಿಡಲ್ ಸ್ಕೂಲ್, ಒಟ್ಟು 1,682 ಮಕ್ಕಳು. ಮಕ್ಕಳಿಗೆ ಏನನ್ನೂ ಮಾಡಲಿಲ್ಲ. ಗಣಿತದ ಟೀಚರ್‌ಗಳಿಗೆ ಮಾತ್ರ ಆನ್‌ಲೈನ್‌ನಲ್ಲಿ ಎರಡು ಚಿಕ್ಕ ಪಾಠ. ಮಗು ಯಾಕೆ ಹೀಗೆ ಮಾಡುತ್ತಿದೆ ಅಂತ ಯೋಚಿಸಿ, ತಪ್ಪಾದಾಗಲೂ ಒಡನಾಟ ಕಡಿಯಬೇಡಿ ಅನ್ನುವುದು ಅದರ ತಿರುಳು. ಆ ವರ್ಷ ಅವರ ಮಕ್ಕಳಲ್ಲಿ ಸಸ್ಪೆಂಡ್ ಆದವರು 4.8 ಶೇಕಡಾ, ಉಳಿದ ಟೀಚರ್‌ಗಳ ಮಕ್ಕಳಲ್ಲಿ 9.6 ಶೇಕಡಾ.

ಹಾಗಂತ ಮೃದುವಾದರೆ ಎಲ್ಲ ಸರಿಹೋಗುತ್ತದೆ ಅನ್ನುವವರ ಪರವೂ ನಾನಿಲ್ಲ. ತಪ್ಪು ಮಾಡಿದವರನ್ನೂ ನೊಂದವರನ್ನೂ ವೃತ್ತದಲ್ಲಿ ಕೂರಿಸಿ ಮಾತಾಡಿಸಿ ಸಂಬಂಧ ಸರಿಮಾಡುವ ಪದ್ಧತಿಗೆ ಈಗ ಬಹಳ ಹೆಸರಿದೆ. ಪಿಟ್ಸ್‌ಬರ್ಗ್‌ನ 44 ಶಾಲೆಗಳಲ್ಲಿ ರ್‍ಯಾಂಡ್ ಸಂಸ್ಥೆ ಮಾಡಿದ ಅಧ್ಯಯನದ ವರದಿ 2018ರಲ್ಲಿ ಬಂತು. ಒಟ್ಟಾರೆ ಸಸ್ಪೆಂಡ್ ಕಡಿಮೆಯಾಯಿತು, ಶಾಲೆಯ ವಾತಾವರಣ ಚೆನ್ನಾಯಿತು ಅಂತ ಟೀಚರ್‌ಗಳು ಹೇಳಿದರು. ಆದರೆ ಆರರಿಂದ ಎಂಟನೇ ತರಗತಿಯ ಮಕ್ಕಳಲ್ಲಿ ಸಸ್ಪೆಂಡ್ ಇಳಿಯಲಿಲ್ಲ, ಓದಿನ ಫಲಿತಾಂಶವೂ ಕುಸಿಯಿತು. ಪ್ರೈಮರಿಯಲ್ಲಿ ಗೆದ್ದದ್ದನ್ನು ಹಾಗೇ ಎತ್ತಿ ಮೇಲಿನ ತರಗತಿಗೆ ಇಟ್ಟರೆ ನಡೆಯುವುದಿಲ್ಲ.

ಹೆಚ್ಚು ಆಸರೆ ಬೇಕಾದ ಆ ಹದಿನೈದು ಮಕ್ಕಳಿಗೆ ಬಳಸುವ ಒಂದು ಕ್ರಮ ಬಹಳ ಸರಳ. ಬೆಳಿಗ್ಗೆ ಮಗು ಗೊತ್ತು ಮಾಡಿದ ಒಬ್ಬ ದೊಡ್ಡವರನ್ನು ಎರಡು ನಿಮಿಷ ಕಂಡು ಒಂದು ಕಾರ್ಡ್ ತೆಗೆದುಕೊಳ್ಳುತ್ತದೆ. ಪ್ರತಿ ಪೀರಿಯಡ್ ಕೊನೆಗೆ ಟೀಚರ್ ಸೊನ್ನೆ, ಒಂದು ಅಥವಾ ಎರಡು ಅಂಕ ಹಾಕುತ್ತಾರೆ. ಸಂಜೆ ಅದೇ ದೊಡ್ಡವರ ಜೊತೆ ಕೂತು ನೋಡಿ, ಮನೆಗೆ ಒಯ್ಯುತ್ತದೆ. ಕಾರ್ಡು ನೆಪ, ದಿನಕ್ಕೆರಡು ಸಲ ಒಬ್ಬರು ಕಾಯುತ್ತಿರುತ್ತಾರೆ ಅನ್ನುವುದೇ ಮುಖ್ಯ. ದೊಡ್ಡವರ ಗಮನಕ್ಕೆ ಹಸಿದ ಮಕ್ಕಳಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ನಮ್ಮ ಗಣಿತದ ಹುಡುಗನಂಥವರಿಗೆ ಅಷ್ಟಾಗಿ ಉಪಯೋಗವಿಲ್ಲ, ಅವನಿಗೆ ಬೇಕಾದದ್ದು ಓದು ಕಲಿಸುವವರು.

ಕೊನೆಯದಾಗಿ ಲೆಕ್ಕ ಇಡುವ ವಿಷಯ. ಆಫೀಸಿಗೆ ಕಳಿಸಿದ ಮಕ್ಕಳ ಹೆಸರು ಎಲ್ಲ ಶಾಲೆಯಲ್ಲೂ ಬರೆಯುತ್ತಾರೆ. ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದನ್ನು ಯಾರೂ ಬರೆಯುವುದಿಲ್ಲ. ನಾವು ಒಂದು ತಿಂಗಳು ಬರೆದೆವು. ಹೊಡೆದಾಟಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಊಟದ ಬಿಡುವಿನ ಕೊನೆಯ ಹತ್ತು ನಿಮಿಷದಲ್ಲಿ, ಟಾಯ್ಲೆಟ್ ಪಕ್ಕದ ಕಿರಿದಾದ ತಿರುವಿನಲ್ಲಿ ಆಗಿದ್ದವು. ಆ ಹೊತ್ತಿಗೆ ಅಲ್ಲಿ ಒಬ್ಬ ಟೀಚರ್ ನಿಲ್ಲಲು ಶುರು ಮಾಡಿದರು. ಬೇರೇನೂ ಮಾಡಲಿಲ್ಲ.

ಈ ಲೆಕ್ಕ ಇನ್ನೊಂದನ್ನೂ ತೋರಿಸುತ್ತದೆ. 2002ರಲ್ಲಿ ರಸೆಲ್ ಸ್ಕಿಬಾ ಮತ್ತು ಜೊತೆಗಾರರು ಅಮೆರಿಕದ ನಗರವೊಂದರ 19 ಮಿಡಲ್ ಸ್ಕೂಲುಗಳ ದಾಖಲೆ ನೋಡಿದರು. ಬಿಳಿ ಮಕ್ಕಳನ್ನು ಆಫೀಸಿಗೆ ಕಳಿಸಿದ್ದು ಹೆಚ್ಚಾಗಿ ಸಿಗರೇಟು ಸೇದಿದ್ದು, ಹೇಳದೆ ಹೊರಟು ಹೋದದ್ದು, ವಸ್ತು ಒಡೆದದ್ದು ಇಂಥ ಕಣ್ಣಿಗೆ ಕಾಣುವ ತಪ್ಪಿಗೆ. ಕಪ್ಪು ಮಕ್ಕಳನ್ನು ಕಳಿಸಿದ್ದು ಹೆಚ್ಚಾಗಿ ಅಗೌರವ, ಅತಿಯಾದ ಗದ್ದಲ ಇಂಥವಕ್ಕೆ. ಅಗೌರವ ಅಂದರೆ ಏನು ಅಂತ ತೀರ್ಮಾನಿಸುವವರು ನಾವೇ ಅಲ್ವಾ? ಎಲ್ಲ ಶಾಲೆಗಳ ದಾಖಲೆಯಲ್ಲೂ 'ಉಡಾಫೆ', 'ಎದುರುತ್ತರ' ಅನ್ನುವ ಕಾಲಂ ಯಾವ ಮಕ್ಕಳ ಹೆಸರಿನ ಮುಂದೆ ತುಂಬಿದೆ ಅಂತ ಒಮ್ಮೆ ನೋಡಬೇಕು.

ನೀರಿನ ವಿಷಯಕ್ಕೆ ನಾವು ಎರಡು ಮೀಟಿಂಗ್ ಮಾಡಿದೆವು. ನಗಬೇಡಿ. ಗಣಿತದವರಿಗೆ ಕೇಳದೆ ಎದ್ದರೆ ಆಗುವುದಿಲ್ಲ, ಭಾಷೆಯವರಿಗೆ ಕೇಳಿದರೆ ಪಾಠದ ಓಟ ಕೆಡುತ್ತದೆ. ಕೊನೆಗೆ ಒಂದು ಒಪ್ಪಂದ ಆಯಿತು: ಒಮ್ಮೆಗೆ ಒಬ್ಬರು, ಟೇಬಲ್ ಮೇಲಿರುವ ಮರದ ತುಂಡನ್ನು ತಮ್ಮ ಬೆಂಚಿನ ಮೇಲಿಟ್ಟು ಹೋಗುವುದು, ಬಂದು ವಾಪಸ್ ಇಡುವುದು, ಯಾರೂ ಕೇಳಬೇಕಾಗಿಲ್ಲ. ಏಳೂ ಟೀಚರ್‌ಗಳು ಸಹಿ ಹಾಕಿದರು. ಮಾರನೆಯ ದಿನ ಎರಡನೇ ಪೀರಿಯಡ್‌ನಲ್ಲಿ ಒಬ್ಬಳು ಹುಡುಗಿ ಎದ್ದಳು. ನಾನು ಬೋರ್ಡ್ ಕಡೆಯಿಂದ ತಿರುಗಿ, "ಎಲ್ಲಿಗಮ್ಮಾ, ಕೇಳೋದು ಬೇಡ್ವಾ?" ಅಂದೆ. ಅವಳು ಏನೂ ಹೇಳಲಿಲ್ಲ. ತನ್ನ ಬೆಂಚಿನ ಮೇಲಿದ್ದ ಮರದ ತುಂಡನ್ನು ಎತ್ತಿ ನನಗೆ ತೋರಿಸಿದಳು.